ಬಸವಪ್ರಭು ಸಾಹೇಬರ ಹನ್ನೊಂದು ಸೊನ್ನೆಗಳು

ಯುಗಾದಿ ಕಳೆದು ಮೂರನೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಾನು ಬಸವಪ್ರಭು ಸಾಹೇಬರನ್ನು ಮೊದಲ ಸಲ ನೋಡಿದೆ. ಕೆ.ಆರ್. ಪುರದಲ್ಲಿ ರೈಲು ಹತ್ತಿ, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು, ಬೆನ್ಸನ್ ಟೌನಿನ ಆ ಮನೆಗೆ ನಡೆದು ಬಂದಿದ್ದೆ. ಕೆಳಗಡೆ ಮನೆಯೊಡತಿ ವಾಜಿದಾ ಬೀಬಿ. ಮೇಲಿನ ಮನೆಯಲ್ಲಿ ಸಾಹೇಬರು ಒಬ್ಬರೇ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಪ್ರತಿಭಾ ಮೇಡಂ ಇಂದಿರಾನಗರದಲ್ಲಿ ಇರುತ್ತಾರೆ. ಅಡುಗೆಗೆ ನನ್ನನ್ನು ಗೊತ್ತು ಮಾಡಿದವರು ಅವರೇ.

ಅಡುಗೆಯವಳಿಗೆ ಕೇಳುವ ಪ್ರಶ್ನೆಗಳು ನನಗೆ ತಿಳಿದಿವೆ. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹದಿನಾಲ್ಕು ವರ್ಷ ರೊಟ್ಟಿ ಬಡಿದಿದ್ದೇನೆ. ಏನೇನು ಮಾಡಲು ಬರುತ್ತದೆ, ಖಾರ ಎಷ್ಟು ಹಾಕುತ್ತೀ, ರಜೆ ಎಷ್ಟು ಮಾಡುತ್ತೀ, ಇಷ್ಟೇ. ಈ ಮನುಷ್ಯ ಅದರಲ್ಲಿ ಒಂದನ್ನೂ ಕೇಳಲಿಲ್ಲ. ಕುರ್ಚಿ ತೋರಿಸಿ, ಎದುರು ಕೂತು, ಕನ್ನಡಕದ ಮೇಲಿನಿಂದ ನೋಡಿದರು.

"ರಾತ್ರಿ ಎಷ್ಟು ತಾಸು ಮಲಗ್ತೀರಿ?"

"ಐದು ತಾಸು ರೀ."

"ಕಣ್ಣಿನ ಆಪರೇಷನ್ ಆಗಿದೆಯಾ?"

"ಬಲಗಣ್ಣಿಂದು ಆಗೇತ್ರಿ."

"ತಲೆ ಸುತ್ತು?"

"ಇಲ್ರಿ."

"ಒಂದು ಮಾತನ್ನ ಇವತ್ತು ಕೇಳಿದ್ರೂ, ಒಂದು ತಿಂಗಳು ಬಿಟ್ಟು ಕೇಳಿದ್ರೂ ಹಂಗೇ ಹೇಳ್ತೀರಾ?"

"ಖರೇ ಮಾತಾಗಿದ್ರ ಹೇಳ್ತೀನ್ರಿ, ಸಾಹೇಬ್ರ."

ಅವರು ನಕ್ಕರು. ನಾನು ನಗಲಿಲ್ಲ. ಪೊಲೀಸರ ಮುಂದೆ ಕೂತ ಹಾಗಾಗಿತ್ತು. ಗೋಡೆಯ ಮೇಲೆ ದೊಡ್ಡ ನಕಾಶೆಗಳು. ಬೆಂಗಳೂರಿನದೇ ಅಂದರು. ಆದರೆ ಅದರಲ್ಲಿ ಗುಡಿ ಇಲ್ಲ, ಮಸೀದಿ ಇಲ್ಲ, ಬಸ್ ಸ್ಟ್ಯಾಂಡ್ ಇಲ್ಲ. ಬರೀ ನೀಲಿ ಸುತ್ತು, ಕೆಂಪು ಗೆರೆ, ಅಂಕಿ. ಕಿಟಕಿಯ ಪಕ್ಕ ಒಂದು ಸಣ್ಣ ರೇಡಿಯೊ. ಅದರಲ್ಲಿ ಹಾಡು ಬರುವುದಿಲ್ಲ, ಯಾರೋ ಇಂಗ್ಲಿಷಿನಲ್ಲಿ ಅಂಕಿಗಳನ್ನು ಗೊಣಗುತ್ತಾರೆ. ಬಾಗಿಲ ಹಿಂದೆ ಒಂದು ಕಪ್ಪು ಚೀಲ, ಯಾವ ಕ್ಷಣಕ್ಕಾದರೂ ಎತ್ತಿಕೊಂಡು ಓಡುವುದಕ್ಕೆ ಎನ್ನುವ ಹಾಗೆ ಜಿಪ್ ಹಾಕಿ ಇಟ್ಟದ್ದು.

ಅದೇ ದಿನ ಮೆಟ್ಟಿಲ ಹತ್ತಿರ ವಾಜಿದಾ ಬೀಬಿ ನನ್ನನ್ನು ನಿಲ್ಲಿಸಿದರು.

"ಭೀಮಬಾಯಿ, ಮೇಲಿನವರದು ಏನು ಕೆಲಸ ಅಂತ ನಿಮಗೇನಾದ್ರೂ ಹೇಳಿದ್ರಾ?"

"ಇಲ್ರಿ ಬೀಬಿ. ನಿಮಗ ಗೊತ್ತಿರಬೇಕಲ್ಲ?"

"ಎಲ್ಲಿ? ಪ್ಲೇನು ಅಂತಾರೆ. ಏರ್‌ಪೋರ್ಟಿಗೆ ಹೋಗಲ್ಲ, ಯೂನಿಫಾರ್ಮ್ ಇಲ್ಲ. ಎರಡು ಸಲ ಪೊಲೀಸ್ ಬಂದಿದ್ರು. ಚಾ ಕುಡಿದು ಹೋದ್ರು ಬಿಡಿ, ಆದ್ರೂ ಪೊಲೀಸ್ ಪೊಲೀಸೇ ಅಲ್ವಾ? ಮಧ್ಯಾಹ್ನ ಆದ್ರೆ ಫಾರಿನ್ ಜನದ ಜೊತೆ ಜೋರಾಗಿ ಜಗಳ. ನನ್ನ ತಮ್ಮ ಸ್ಮಗ್ಲಿಂಗ್ ಇರಬೇಕು ಅಂದ. ನಾನು ಅಂದೆ, ಹೋಗೋ, ಸ್ಮಗ್ಲರ್ ಆದ್ರೆ ಮೆಲ್ಲಗೆ ಮಾತಾಡ್ತಾನೆ."

ಹದಿನೈದು ದಿನ ಕಾದೆ. ಹದಿನಾರನೆಯ ದಿನ ಊಟಕ್ಕೆ ಬಡಿಸುತ್ತಾ ನೇರವಾಗಿ ಕೇಳಿದೆ.

"ಸಾಹೇಬ್ರ, ನೀವು ಮಾಡೋದು ಏನ್ರಿ?"

ಅವರು ಹೇಳಿದ್ದನ್ನು ಹೇಳಿದಷ್ಟೇ ಇಲ್ಲಿ ಇಡುತ್ತೇನೆ. ಹುಟ್ಟಿದ್ದು ರಾಣೆಬೆನ್ನೂರಿನ ಕಡೆ. ವಿಮಾನದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆಯುವ ಕೆಲಸ. ಮೂವತ್ತೈದನೆಯ ವಯಸ್ಸಿನಲ್ಲಿ, ಭಾನುವಾರಗಳಂದು ಹೋಗಿ, ವಿಮಾನ ನಡೆಸುವುದನ್ನು ಕಲಿತರು. ನಾಲ್ಕು ಜನ ಗೆಳೆಯರು ಸೇರಿ ಎರಡು ಸೀಟಿನ ಒಂದು ಹಳೆಯ ವಿಮಾನ ಇಟ್ಟುಕೊಂಡಿದ್ದಾರೆ. ಅದು ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣದಲ್ಲಿ ನಿಲ್ಲುತ್ತದೆ. ಬಾಗಿಲ ಹಿಂದಿನ ಚೀಲ ಅಲ್ಲಿಗೆ ಒಯ್ಯುವುದು, ರೇಡಿಯೊದಲ್ಲಿ ಬರುವುದು ವಿಮಾನದವರ ಮಾತು. ಹೀಗೆ ಸ್ವಂತಕ್ಕೆ ಹಾರುವವರದು ಒಂದು ಸಂಘ. ಅದಕ್ಕೆ ಇವರು ಕಾರ್ಯದರ್ಶಿ. ಒಂದೊಂದು ದೇಶದಲ್ಲೂ ಇಂಥದೊಂದು ಸಂಘ. ಎಲ್ಲ ಸೇರಿ ಒಂದು ದೊಡ್ಡ ಒಕ್ಕೂಟ.

"ಕಾರು ಇಟ್ಟವನು ಪೆಟ್ರೋಲು ಹಾಕಿಸ್ಕೊಂಡು ಹೊರಟುಬಿಡ್ತಾನೆ. ನನ್ನ ವಿಮಾನ ಈ ಅಡುಗೆಮನೆಗಿಂತ ಸಣ್ಣದು. ಅದಕ್ಕೂ ಮುನ್ನೂರು ಜನ ಕೂರೋ ವಿಮಾನಕ್ಕೂ ಒಂದೇ ಕಾನೂನು ಅಂದ್ರೆ ಹೆಂಗೆ? ಅದನ್ನ ಕೇಳೋದೇ ನಮ್ಮ ಕೆಲಸ. ನಾನು ಇಲ್ಲಿಂದ ಬರೀತೀನಿ, ಅವರು ಅಲ್ಲಿಂದ ಬರೀತಾರೆ."

"ಬರ್ದ್ರ ಏನಾಕ್ಕೈತ್ರಿ?"

"ಹತ್ತು ವರ್ಷಕ್ಕೆ ಕಾನೂನಿನಲ್ಲಿ ಒಂದು ಗೆರೆ ಬದಲಾಗುತ್ತೆ."

"ಅಷ್ಟಕ್ಕ ಪೊಲೀಸ್ರು ಯಾಕ್ ಬರ್ತಾರ್ರಿ?"

"ಹಾರೋನು ಒಳ್ಳೆಯವನಾ ಅಂತ ನೋಡೋಕೆ. ನೀವೂ ನೋಡ್ತಾ ಇದ್ದೀರಲ್ಲ, ಹಂಗೆ."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಯಾರೂ ಹೇಳದ ಕೆಲಸವನ್ನು, ಯಾವ ಲಾಭವೂ ಇಲ್ಲದೆ, ದಿನಕ್ಕೆ ಆರು ತಾಸು ಕೂತು ಯಾರು ಮಾಡುತ್ತಾರೆ?

ಆ ವರ್ಷ ಅವರು ಹಿಡಿದಿದ್ದ ಗೆರೆ ಯಾವುದು ಅಂತಲೂ ಹೇಳಿದ್ದರು. ವಿಮಾನ ನಡೆಸುವವರು ಆಗಾಗ ಡಾಕ್ಟರ ಹತ್ತಿರ ಮೈ ತೋರಿಸಿ ಪತ್ರ ತರಬೇಕು. ಸಂಬಳಕ್ಕೆ ನಡೆಸುವವರಿಗೆ ಅದು ಇರಲಿ, ತನ್ನ ಪಾಡಿಗೆ ತಾನು ಹಾರುವವನು 'ನನ್ನ ಮೈ ಸರಿಯಾಗಿದೆ' ಎಂದು ತಾನೇ ಬರೆದುಕೊಟ್ಟರೆ ಸಾಕು ಎನ್ನುವುದು ಒಕ್ಕೂಟದ ವಾದ. ಜನವರಿಯಲ್ಲಿ ಮಾಂಟ್ರಿಯಲ್ ಎಂಬ ಊರಿನಲ್ಲಿ ದೇಶದೇಶದವರ ಮುಂದೆ ಅದನ್ನು ಓದಬೇಕು. ಬರೆಯುವ ಭಾರ ಸಾಹೇಬರದು.

"ಮೈ ಸರಿ ಇಲ್ಲ ಅನ್ನೋದು ಡಾಕ್ಟರಿಗಿಂತ ಮೊದಲು ತನಗೇ ಗೊತ್ತಾಗುತ್ತೆ ಭೀಮಬಾಯಿ. ಅದೇ ನನ್ನ ಮೊದಲನೇ ವಾಕ್ಯ."

"ಗೊತ್ತಾದ್ರೂ ಮುಚ್ಚಿಟ್ರ?"

"ನೋಡಿ! ಎಲ್ಲ ಸರ್ಕಾರಗಳೂ ಇದನ್ನೇ ಕೇಳೋದು. ನೀವು ಅವರ ಪಾರ್ಟಿ."

ಮನೆಯಿಂದ ಹೊರಡುವಾಗಲೂ ಅವರದು ವಿಮಾನದ್ದೇ ಪದ್ಧತಿ. ಬೆಳಿಗ್ಗೆ ಹತ್ತೂವರೆಗೆ ನಾವಿಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ನಾನು ರಸೆಲ್ ಮಾರ್ಕೆಟ್ಟಿಗೆ, ಅವರು ಅಂಚೆ ಕಚೇರಿಗೆ. ಬಾಗಿಲ ಒಳಗಡೆ ಆರು ಸಾಲಿನ ಒಂದು ಕಾರ್ಡು ಅಂಟಿಸಿದ್ದರು. ಅವರು ಒಂದೊಂದೇ ಹೆಸರು ಕೂಗಬೇಕು. ನಾನು ಅಲ್ಲಿಗೆ ಹೋಗಿ, ಕೈಯಿಂದ ಮುಟ್ಟಿ, ಉತ್ತರ ಕೊಡಬೇಕು. ಗ್ಯಾಸ್? ಬಂದ್. ನಲ್ಲಿ? ಬಂದ್. ಗೀಸರ್? ಬಂದ್. ಕಿಟಕಿ? ಹಾಕೇತಿ. ಫೋನು? ಐತಿ. ಕೀಲಿ? ಕೈಯಾಗೈತಿ. ನಡುವೆ ಯಾರಾದರೂ ಕರೆದು ಮಾತು ತುಂಡಾದರೆ, ನಿಂತಲ್ಲಿಂದ ಮುಂದುವರಿಸುವಂತಿಲ್ಲ. ಮೊದಲಿನಿಂದ ಗ್ಯಾಸ್. ಹುಚ್ಚು ಅಂದುಕೊಂಡೆ. ಆದರೂ ಒಂದು ದಿನ ತಪ್ಪಿಸಲಿಲ್ಲ.

ಶ್ರಾವಣದ ಎರಡನೆಯ ಗುರುವಾರ ನಾನು ಗೀಸರಿನ ಸ್ವಿಚ್ಚಿನ ಹತ್ತಿರ ನಿಂತಿದ್ದೆ. ನಲ್ಲಿ ಆಗಿತ್ತು. ಮುಂದಿನ ಹೆಸರು ಬರಲಿಲ್ಲ. ತಿರುಗಿ ನೋಡಿದರೆ ಸಾಹೇಬರು ಕಾರ್ಡಿನ ಮುಂದೆ ನಿಂತಿದ್ದಾರೆ. ಕಣ್ಣು ತೆರೆದಿದೆ. ಬಾಯಿ ಬೆಲ್ಲ ಚಪ್ಪರಿಸುವ ಹಾಗೆ ಸಣ್ಣಗೆ ಆಡುತ್ತಿದೆ. ಬಲಗೈ ಅಂಗಿಯ ಮೂರನೆಯ ಗುಂಡಿಯನ್ನು ತಿರುವುತ್ತಿದೆ. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸಿತು. ಕರೆಯದೆ ಉತ್ತರ ಕೊಡುತ್ತಾಳೋ ನೋಡೋಣ ಅಂತ ಇರಬೇಕು. ನಾನೂ ಸುಮ್ಮನೆ ನಿಂತೆ. ಸಾಸಿವೆ ಸಿಡಿಯುವುದಕ್ಕೆ ಎಣಿಸುವ ಹಾಗೆ ಎಣಿಸಿದೆ. ನಲವತ್ತಕ್ಕೆ ಬಂದಾಗ ಅವರು, "ಕಿಟಕಿ?" ಅಂದರು.

"ಗೀಸರ್ ಬಿಟ್ರಲ್ರಿ, ಸಾಹೇಬ್ರ."

"ಎಲ್ಲಿ ಬಿಟ್ಟೆ? ಕೂಗಿದೆನಲ್ಲ."

"ಇಲ್ರಿ. ಮಾತು ತುಂಡಾತು. ಮೊದಲಿಂದ ಮಾಡೂಣು."

"ಕಿವಿ ನೋಡಿಸ್ಕೊಳ್ಳಿ," ಅಂದರು. ದನಿ ಗಡುಸಾಗಿತ್ತು.

ರೈಲಿನಲ್ಲಿ ಹೋಗುತ್ತಾ ಇದೇ ಯೋಚನೆ. ನಾಳೆ ಗೀಸರ್ ಉರಿದುಹೋದರೆ ತಪ್ಪು ಯಾರ ತಲೆಗೆ ಬರುತ್ತದೆ? ಮರುದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಿಂದಿನ ತಾರೀಖಿನ ಮೇಲೆ ಒಂದು ಸೊನ್ನೆ ಹಾಕಿ, ಪಕ್ಕದಲ್ಲಿ ೧೦-೩೫ ಎಂದು ಬರೆದೆ. ಗ್ಯಾಸ್ ಬದಲಿಸಿದ ದಿನಕ್ಕೆ ಅಡ್ಡಗೆರೆ, ನೀರಿನ ಕ್ಯಾನು ಬಂದ ದಿನಕ್ಕೆ ಚುಕ್ಕೆ ನಾನು ಹಾಕುತ್ತಿದ್ದವಳೇ. ಸೊನ್ನೆ ಏನೆಂದು ಅವರಿಗೆ ಹೇಳಲಿಲ್ಲ. ಕೇಳಿದಾಗ ತೋರಿಸಿದರಾಯಿತು ಎಂದು ನನ್ನ ರಕ್ಷಣೆಗೆ ಇಟ್ಟುಕೊಂಡದ್ದು.

ಎರಡನೆಯ ಸೊನ್ನೆ ಹನ್ನೆರಡು ದಿನಕ್ಕೆ ಬಂತು. ಮಧ್ಯಾಹ್ನ ಎರಡೂವರೆಗೆ ಕಂಪ್ಯೂಟರಿನಲ್ಲಿ ಒಕ್ಕೂಟದವರ ಸಭೆ ನಡೆಯುತ್ತಿತ್ತು. ಮೂರಕ್ಕೆ ನಾನು ಚಹಾ ಒಯ್ದೆ. ಪರದೆಯ ಮೇಲೆ ಆರು ಮುಖ. ಆರೂ "ಬಸವಾ, ಬಸವಾ" ಎಂದು ಕರೆಯುತ್ತಿವೆ. ಇವರು ಅವರನ್ನೇ ನೋಡುತ್ತಾ ಮಾತಾಡದೆ ಕೂತಿದ್ದಾರೆ, ಕೈ ಗುಂಡಿಯ ಮೇಲೆ. ಕಪ್ಪು ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ದನಿ ಕೇಳಿಸಿತು. ಸಭೆ ಮುಗಿದ ಮೇಲೆ ಬಂದು, "ಹಾಳಾದ ಲೈನು ಮತ್ತೆ ಹೋಯ್ತು ಭೀಮಬಾಯಿ. ಮುಖ್ಯವಾದ ಮಾತಿನಲ್ಲೇ ನಿಂತುಹೋಗಿದ್ದೆನಂತೆ," ಅಂದರು.

ಲೈನು ಹೋಗಿರಲಿಲ್ಲ. ಆರು ಜನ ಕರೆದದ್ದು ನನ್ನ ಕಿವಿಗೆ ಬಿದ್ದಿತ್ತು. ಬೇಡವಾದ ಪ್ರಶ್ನೆ ಬಂದಾಗ ಹೀಗೆ ಕೂತುಬಿಡುವುದು, ಆಮೇಲೆ ಲೈನಿನ ಮೇಲೆ ಹಾಕುವುದು. ಸಾಹೇಬರು ಸುಳ್ಳು ಹೇಳುತ್ತಾರೆ ಎಂದು ಅವತ್ತು ತೀರ್ಮಾನ ಮಾಡಿದೆ.

ಇಂಟರ್‌ನೆಟ್ಟಿನ ಚಾಂದ್ ಪಾಷಾ ಮೂರು ಸಲ ಬಂದ. ಮೂರು ಸಲವೂ ತಂತಿ ಬಿಚ್ಚಿ, ಊದಿ, ಮತ್ತೆ ಹಾಕಿದ.

"ಸರ್, ನನ್ನ ಲೈನು ಬೆಣ್ಣೆ ಥರ ಇದೆ. ನಿಮ್ಮ ಫಾರಿನ್ ಜನದ ಕಡೆಯೇ ಏನೋ ಲಫಡಾ."

"ಅವರೆಲ್ಲ ಸರಿಯಾಗಿದ್ದಾರೆ, ನಿಲ್ಲೋನು ನಾನೊಬ್ಬನೇ. ನೀನು ಕೆಳಗಿನ ಮನೆಗೆ ನನ್ನ ಲೈನಿಂದ ಕೊಟ್ಟಿದ್ದೀಯಾ ಅಂತ ನನಗೆ ಅನುಮಾನ ಇದೆ ಕಣಯ್ಯ."

ಇದನ್ನು ಕೇಳಿಸಿಕೊಂಡ ವಾಜಿದಾ ಬೀಬಿ ಕೆಳಗಿನಿಂದಲೇ ಕೂಗಿದರು: "ನಮ್ಮದು ಬೇರೆ ಕಂಪನಿ ರೀ! ಬಂದು ನೋಡ್ಕೊಳ್ಳಿ!" ಸಾಹೇಬರು ಹೋಗಿ ನೋಡಿಯೂ ಬಂದರು. ಬೇರೆ ಕಂಪನಿಯೇ. ಸಪ್ಪೆ ಮುಖ ಮಾಡಿಕೊಂಡು, ಬೀಬಿ ಕೊಟ್ಟ ಸಮೋಸ ಹಿಡಿದುಕೊಂಡು ಬಂದರು. ನವರಾತ್ರಿಗೆ ತಾವೂ ಕಂಪನಿ ಬದಲಿಸಿದರು. ಸೊನ್ನೆಗಳು ನಿಲ್ಲಲಿಲ್ಲ.

ಐದನೆಯ ಸೊನ್ನೆಯ ದಿನ ನನ್ನ ತೀರ್ಮಾನ ಸಡಿಲವಾಯಿತು. ಮೆಟ್ಟಿಲಿಳಿಯುತ್ತಿದ್ದೆವು, ಅವರು ಮುಂದೆ, ನಾನು ಹಿಂದೆ. ಬಲಗಾಲನ್ನು ಕೆಳಗಿನ ಮೆಟ್ಟಿಲಿನ ಕಡೆಗೆ ಎತ್ತಿದವರು ಹಾಗೇ ನಿಂತರು. ಕೈ ಕಂಬಿಯ ಮೇಲಿತ್ತು, ಪುಣ್ಯ. ಬಾಯಿ ಚಪ್ಪರಿಸುತ್ತಿತ್ತು. ನಾನು ಅವರ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡೆ. ಮೂವತ್ತೈದು ಎಣಿಸಿದೆ. ಸುಳ್ಳು ಹೇಳುವವನು ಸುಮ್ಮನೆ ಕೂರಬಹುದು, ಒಂದು ಕಾಲು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ.

"ಅಂಗಿ ಯಾಕೆ ಹಿಡಿದಿದ್ದೀರಿ?" ಅಂದರು, ಕಾಲು ಇಟ್ಟ ಮೇಲೆ.

"ನನಗ ತೋಲ ತಪ್ಪಿತ್ರಿ," ಅಂದೆ. ಅದು ನಾನು ಹೇಳಿದ ಸುಳ್ಳು.

ಯಾಕೆ ಹೇಳಲಿಲ್ಲ ಎಂದರೆ, ಅದಕ್ಕೊಂದು ಕಾರಣವಿದೆ. ಪ್ರತಿಭಾ ಮೇಡಂ ವಾರಕ್ಕೊಮ್ಮೆ ನನಗೆ ಫೋನು ಮಾಡುತ್ತಿದ್ದರು. "ಅಪ್ಪ ಯಾರ ಜೊತೆ ಮಾತಾಡ್ತಾರೆ? ಜಕ್ಕೂರಿಗೆ ಹೋದ್ರಾ? ಎಷ್ಟು ಹೊತ್ತಿಗೆ ಬಂದ್ರು?" ಅಪ್ಪ ಹಾರುವುದನ್ನು ಬಿಡಲಿ ಎಂದು ಅವರ ಹಟ. ಇದು ಸಾಹೇಬರಿಗೆ ತಿಳಿದು, ಒಂದು ದಿನ ತಟ್ಟೆ ಪಕ್ಕಕ್ಕಿಟ್ಟು ಕೇಳಿದ್ದರು:

"ಖರೇ ಹೇಳ್ರಿ. ನನ್ನ ಮಗಳು ನಿಮ್ಮನ್ನ ಇಟ್ಟಿದ್ದು ಅಡುಗೆಗೋ, ಗೂಢಚಾರಿಕೆಗೋ?"

ಆರು ತಿಂಗಳಿನಿಂದ ನಾನು ಯಾರನ್ನು ಗೂಢಚಾರ ಎಂದುಕೊಂಡಿದ್ದೆನೋ, ಅವರೇ ನನಗೆ ಈ ಮಾತು ಅಂದಾಗ ಸಿಟ್ಟು ಬಂತು. ಉಪ್ಪಿನ ಡಬ್ಬಿ ಮುಟ್ಟಿ, "ಈ ಮನಿ ಮಾತು ಇಂದಿರಾನಗರಕ್ಕ ಒಯ್ಯೂದಿಲ್ರಿ. ಹೇಳೂದಿದ್ರ ನಿಮ್ಮ ಮಾರಿ ಮುಂದ ಹೇಳ್ತೀನಿ," ಅಂದಿದ್ದೆ. ಮಗಳಿಗೆ ಹೇಳುವಂತಿಲ್ಲ. ಅವರಿಗೆ ಹೇಳೋಣವೆಂದರೆ ಇನ್ನೊಂದು ಅನುಮಾನ ಕಚ್ಚುತ್ತಿತ್ತು. ಇವರಿಗೆ ಗೊತ್ತಿದ್ದೇ ಮುಚ್ಚುತ್ತಿದ್ದರೆ? ಜೂನ್ ತಿಂಗಳಿನಿಂದ ಅವರು ಗ್ಯಾಸ್ ಒಲೆ ಮುಟ್ಟುವುದನ್ನು ಬಿಟ್ಟಿದ್ದರು, ಮೊದಲು ತಮ್ಮ ಕಾಫಿ ತಾವೇ ಮಾಡಿಕೊಳ್ಳುತ್ತಿದ್ದವರು. ಅದು ಸೋಮಾರಿತನವೋ, ಎಚ್ಚರವೋ, ನನಗೆ ತಿಳಿಯಲಿಲ್ಲ.

ನವೆಂಬರಿನಲ್ಲಿ ಅವರು ಸಂಭ್ರಮದಿಂದ ಒಂದು ಸುದ್ದಿ ಹೇಳಿದರು. ಒಕ್ಕೂಟದ ಹೆಲ್ಗಾ ಮೇಡಂ ಡೆನ್ಮಾರ್ಕಿನಿಂದ ಬರುತ್ತಾರೆ. ಕಾಗದವನ್ನು ಇಬ್ಬರೂ ಕೂತು ಕೊನೆಯ ಸಲ ತಿದ್ದುವುದು. ಡಿಸೆಂಬರ್ ಎರಡನೆಯ ಭಾನುವಾರ ಬೆಳಿಗ್ಗೆ ಸಾಹೇಬರು ಆಕೆಯನ್ನು ತಮ್ಮ ವಿಮಾನದಲ್ಲಿ ಕೂರಿಸಿಕೊಂಡು ನಂದಿಬೆಟ್ಟದ ಕಡೆ ಒಂದು ತಾಸು ಸುತ್ತಿಸಿಕೊಂಡು ಬರುವುದು.

"ಅವ್ರಿಗೂ ವಿಮಾನ ನಡಸಾಕ ಬರತೈತೇನ್ರಿ?" ಅಂತ ಕೇಳಿದೆ.

"ಇಲ್ಲ, ಅವರು ವಕೀಲೆ. ಕಾನೂನು ಬರೀತಾರೆ, ಹಾರಲ್ಲ."

ಆಗ ಕ್ಯಾಲೆಂಡರಿನಲ್ಲಿ ಒಂಬತ್ತು ಸೊನ್ನೆ. ಕೊನೆಯ ಮೂರರ ನಡುವಿನ ಅಂತರ ಕಡಿಮೆಯಾಗಿತ್ತು. ನಲವತ್ತು ಎಣಿಸುವಷ್ಟು ಹೊತ್ತಿನಲ್ಲಿ ವಿಮಾನ ಎಷ್ಟು ದೂರ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಮೂರು ಸಲ ಮಾತು ತುಟಿಯವರೆಗೆ ಬಂದು ಹಿಂದೆ ಹೋಯಿತು. ಶನಿವಾರದೊಳಗೆ ಹೇಳಲೇಬೇಕು ಎಂದು ನನಗೆ ನಾನೇ ಗಡುವು ಹಾಕಿಕೊಂಡೆ.

ಆ ಶನಿವಾರ ಮಧ್ಯಾಹ್ನ ಹೆಲ್ಗಾ ಮೇಡಂ ಊಟಕ್ಕೆ ಬಂದರು. ನನ್ನದೇ ವಯಸ್ಸು, ಬಿಳಿ ಕೂದಲು, ಕಾಲಿಗೆ ಗಂಡಸರ ಬೂಟು. ಜೋಳದ ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿಕೊಂಡು ತಿಂದು, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ನಗುತ್ತಾ ಮಾತಾಡುತ್ತಿದ್ದರು. ನಡುನಡುವೆ ಸಾಹೇಬರು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ನನ್ನ ಲೈನಿನ ಬಗ್ಗೆ ಅಲ್ಲೆಲ್ಲ ಜೋಕಂತೆ ಭೀಮಬಾಯಿ. ಬಸವ ಮತ್ತೆ ಮೋಡದೊಳಗೆ ಹೋದ ಅಂತಾರಂತೆ. ಸಭೆಗಳನ್ನೆಲ್ಲ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿರ್ತಾರೆ, ನೋಡಿ ಇಲ್ಲಿ, ತೋರಿಸ್ತಾ ಇದ್ದಾರೆ."

ಆಕೆ ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ಇಟ್ಟಿದ್ದರು. ನಾನು ಮೊಸರಿನ ಬೋಗುಣಿ ಹಿಡಿದು ಹಿಂದೆ ನಿಂತು ನೋಡಿದೆ. ಸಾಹೇಬರು ಮಾತಾಡುತ್ತಿದ್ದಾರೆ. ತಟ್ಟನೆ ನಿಂತರು. ಆಕೆಯೂ ಸಾಹೇಬರೂ ಬಿದ್ದು ಬಿದ್ದು ನಕ್ಕರು. ಆಗ ಫೋನಿನೊಳಗೆ, ಎಡಗಡೆಯಿಂದ, ಹಸಿರು ಸೀರೆ ಉಟ್ಟ ಒಬ್ಬಳು ಚಹಾದ ಕಪ್ಪು ಹಿಡಿದು ಬಂದಳು. ನಾನೇ. ಕಪ್ಪು ಇಟ್ಟೆ, ಸಾಹೇಬರ ಮುಖ ನೋಡಿದೆ, ಹೋದೆ. ಅವರ ಹಿಂದೆ ಟೇಬಲ್ ಫ್ಯಾನು ತಿರುಗುತ್ತಿತ್ತು.

ಮಾತು ತಾನಾಗಿಯೇ ಹೊರಗೆ ಬಂತು.

"ಸಾಹೇಬ್ರ, ಲೈನು ನಿಂತಿದ್ರ ನಾನೂ ನಿಲ್ಲಬೇಕಾಗಿತ್ತಲ್ರಿ. ನಾನು ನಡದಾಡಾಕತ್ತೀನಿ. ಫ್ಯಾನು ತಿರಗಾಕತ್ತೈತಿ. ನಿಂತವ್ರು ನೀವೊಬ್ಬರ."

ಸಾಹೇಬರ ನಗು ಅರ್ಧಕ್ಕೆ ನಿಂತಿತು. ಹೆಲ್ಗಾ ಮೇಡಂ, ಏನಂದಳು ಎನ್ನುವ ಹಾಗೆ ಅವರ ಮುಖ ನೋಡಿದರು. ಅವರು ಏನೋ ಹೇಳಿ ಮಾತು ಬದಲಿಸಿದರು. ಮೊಸರು ಬೇಡ ಅಂದರು.

ಆಕೆ ಹೋಟೆಲಿಗೆ ಹೊರಟ ಮೇಲೆ ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಗಂಟೆ ಎರಡೂ ಮುಕ್ಕಾಲು.

"ಏನದು ನೀವು ಹೇಳಿದ್ದು?"

ನಾನು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಕೈಗೆ ಕೊಟ್ಟೆ. ಶ್ರಾವಣದಿಂದ ಹಿಡಿದು ಹನ್ನೊಂದು ಸೊನ್ನೆ, ಹನ್ನೊಂದು ಹೊತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಬಾಯಿ, ಗುಂಡಿ, ಎತ್ತಿದ ಕಾಲು. ಅವರ ಮುಖ ಕಪ್ಪಿಟ್ಟಿತು.

"ಪ್ರತಿಭಾ ಹೇಳಿಕೊಟ್ಟಳಾ?"

"ಇಲ್ರಿ."

"ಸರಿಯಾಗಿ ನಾಳೆ ಹಾರೋ ಹೊತ್ತಿಗೆ ಇದು ಹೊರಗೆ ಬಂತಾ? ನಾಲ್ಕು ತಿಂಗಳು ಇಟ್ಕೊಂಡು ಕೂತಿದ್ರಾ? ಯಾರು ನಂಬಬೇಕು ಇದನ್ನ?"

"ಹೇಳದ ಕೂತದ್ದು ನನ್ನ ತಪ್ಪ್ರಿ. ನೀವು ಆಟ ಹೂಡ್ತೀರಿ ಅನ್ಕೊಂಡಿದ್ದೆ. ಆಮ್ಯಾಲ, ಗೊತ್ತಿದ್ದ ಮುಚ್ಚತೀರಿ ಅನ್ಕೊಂಡೆ."

"ನಾನು? ಮುಚ್ಚೋದು?" ಎಂದವರು ಕ್ಯಾಲೆಂಡರು ತೆಗೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದನ್ನು ಹರಿದುಹಾಕುತ್ತಾರೆ ಅಂತಲೇ ನನ್ನ ಎಣಿಕೆ. ಕಾಗದ ಹರಿಯುವ ಸದ್ದಿಗೆ ಕಿವಿ ಕೊಟ್ಟು ಕೂತೆ. ಕೇಳಿಸಿದ್ದು ಬೇರೆ. ಒಳಗೆ ಕಂಪ್ಯೂಟರಿನಿಂದ ದನಿಗಳು ಬಂದವು: "ಬಸವಾ? ಬಸವಾ?" ಕೀ ಒತ್ತಿದ ಸದ್ದು. ಮತ್ತೆ ಬೇರೆ ದನಿ, "ಬಸವಾ?" ನನ್ನ ಹನ್ನೊಂದರಲ್ಲಿ ಮೂರು ಸೊನ್ನೆ ಸಭೆಯ ಹೊತ್ತಿನವು. ಆ ಮೂರನ್ನೂ ತಾರೀಖು ಹಿಡಿದು ತೆಗೆದು ನೋಡುತ್ತಿದ್ದರು. ನಾಲ್ಕು ಗಂಟೆಗೆ ಬಾಗಿಲು ತೆರೆಯಿತು.

"ಎರಡನೇದಕ್ಕೆ ನೀವು ಮೂರೂ ಐದು ಅಂತ ಬರೆದಿದ್ದೀರಿ," ಅಂದರು. "ಮೂರೂ ನಾಲ್ಕು."

"ನಿಮ್ಮ ಗಡಿಯಾರ ಒಂದು ನಿಮಿಷ ಮುಂದೈತ್ರಿ."

ಅವರು ತಲೆಯಾಡಿಸಿದರು. ನಾಳೆ ಹೋಗುತ್ತೀರಾ ಎಂದು ಕೇಳಿದೆ. "ನಿಮ್ಮ ರೈಲಿನ ಹೊತ್ತಾಯ್ತು," ಅಂದರು.

ಭಾನುವಾರ ನನಗೆ ರಜೆ. ಆದರೂ ಬೆಳಿಗ್ಗೆ ಮೊದಲ ರೈಲು ಹಿಡಿದೆ. ಒಬ್ಬ ಮನುಷ್ಯ ಮೂರು ಸಲ ತನ್ನ ಮುಖ ನೋಡಿಕೊಂಡ ಮಾತ್ರಕ್ಕೆ ಇಪ್ಪತ್ತಾರು ವರ್ಷದ ಅಭ್ಯಾಸ ಬಿಡುತ್ತಾನೆ ಎಂದು ನನಗೆ ನಂಬಿಕೆ ಇರಲಿಲ್ಲ. ವಾಜಿದಾ ಬೀಬಿಯ ಮನೆ ಮುಂದೆ ಬಾಡಿಗೆ ಕಾರು ನಿಂತಿತ್ತು. ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಸಾಹೇಬರು ಹಾರಲು ಹೋಗುವಾಗ ಹಾಕುವ ಬಿಳಿ ಅಂಗಿ ಹಾಕಿ, ಬೂಟು ಕಟ್ಟಿ, ಊಟದ ಮೇಜಿಗೆ ಕೂತಿದ್ದರು.

"ಹೊರಟ್ರೇನ್ರಿ?" ಅಂದೆ. ಬಾಗಿಲಿಗೆ ಅಡ್ಡ ನಿಂತೇ ಕೇಳಿದೆ.

"ಅಡ್ಡ ನಿಲ್ಲಬೇಡಿ, ಕಾರು ಪ್ರತಿಭಾ ಕಳಿಸಿದ್ದು. ಆಸ್ಪತ್ರೆಗೆ. ಹೆಲ್ಗಾಗೆ ರಾತ್ರಿಯೇ ಹೇಳಿದೆ. ಜಕ್ಕೂರಿಗೂ ಹೇಳಿದ್ದೀನಿ, ವಿಮಾನದ ಹೊದಿಕೆ ತೆಗೀಬೇಡಿ ಅಂತ."

"ಮತ್ತ ಈ ಅಂಗಿ?"

"ಬೇರೆ ಯಾವುದೂ ಇಸ್ತ್ರಿ ಆಗಿರಲಿಲ್ಲ."

ಆಮೇಲೆ ಆದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ತಲೆಗೆ ತಂತಿ ಹಚ್ಚಿ ನೋಡಿದರು. ಅದೊಂದು ಬಗೆಯ ಫಿಟ್ಸ್, ಬಂದದ್ದು ಬಂದವರಿಗೆ ತಿಳಿಯುವುದೇ ಇಲ್ಲ ಅಂದರಂತೆ. ಗುಳಿಗೆ ಕೊಟ್ಟರು. ಸಾಹೇಬರು ಆಸ್ಪತ್ರೆಯಿಂದ ಸೀದಾ ಇಂದಿರಾನಗರಕ್ಕೆ, ಮಗಳ ಮನೆಗೆ ಹೋದರು. ಬೆನ್ಸನ್ ಟೌನಿನ ಮನೆ ಬಿಟ್ಟರು. ನಕಾಶೆಗಳನ್ನು ಚಾಂದ್ ಪಾಷಾ ಟೆಂಪೋಗೆ ಹಾಕಿ ಕೊಟ್ಟ. ಮತ್ತೆ ಅವರು ಹಾರಲಿಲ್ಲ. ಮಾಂಟ್ರಿಯಲ್ಲಿಗೆ ಹೋದ ಕಾಗದದಲ್ಲಿ ಮೊದಲನೆಯ ವಾಕ್ಯ ತೆಗೆದು, ಹಾರುವವನು ತಾನು ಬರೆದುಕೊಟ್ಟರೆ ಸಾಲದು, ಅವನನ್ನು ದಿನಾ ನೋಡುವ ಇನ್ನೊಬ್ಬರೂ ಬರೆದುಕೊಡಬೇಕು ಎಂದು ಸೇರಿಸಿದರಂತೆ. ಒಕ್ಕೂಟದ ಅರ್ಧ ಜನಕ್ಕೆ ಸಿಟ್ಟು ಬಂದಿದೆ, ನಮ್ಮ ವಾದವನ್ನು ನಮ್ಮವನೇ ಕೆಡಿಸಿದ ಅಂತ. ಇದೆಲ್ಲ ಪ್ರತಿಭಾ ಮೇಡಂ ಫೋನಿನಲ್ಲಿ ಹೇಳಿದ್ದು. ಜೂನ್ ತಿಂಗಳಲ್ಲಿ ಸಾಹೇಬರು ಗ್ಯಾಸ್ ಮುಟ್ಟುವುದನ್ನು ಯಾಕೆ ಬಿಟ್ಟಿದ್ದರು ಎಂದು ಅವರನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ. ಆ ಒಂದು ಅನುಮಾನ ನನ್ನಲ್ಲಿ ಹಾಗೇ ಇದೆ.

ಆ ಭಾನುವಾರ, ಕಾರು ಕೆಳಗೆ ಕಾಯುತ್ತಿರುವಾಗ, ಮೇಜಿನ ಮೇಲೆ ಒಂದು ಅಚ್ಚಾದ ಹಾಳೆ ಇತ್ತು. ಹಾರುವವರು ಡಾಕ್ಟರರ ಹತ್ತಿರ ಹೋಗುವ ಮುಂಚೆ ತುಂಬಿಕೊಡುವ ಹಾಳೆ. ಸಾಹೇಬರು ಅದರ ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದರು: ಯಾವ ಕಾರಣಕ್ಕೇ ಆಗಲಿ, ಯಾವತ್ತಾದರೂ ಎಚ್ಚರ ತಪ್ಪಿದ್ದುಂಟೇ? ಮುಂದೆ ಎರಡು ಚೌಕ. ಒಂದು ಹೌದು, ಒಂದು ಇಲ್ಲ.

"ಇಪ್ಪತ್ತಾರು ವರ್ಷ ಇಲ್ಲ ಅಂತ ಗೀಟು ಹಾಕಿದ್ದೀನಿ," ಅಂದರು. "ಇವತ್ತೂ ನನಗೆ ತಿಳಿದಿರೋದು ಇಲ್ಲ ಅಂತಾನೇ. ನನ್ನ ಒಳಗೆ ಹುಡುಕಿದ್ರೆ ಆ ಹನ್ನೊಂದರಲ್ಲಿ ಒಂದೂ ಇಲ್ಲ. ಹೌದು ಅಂತ ಬರೆಯೋಕೆ ಕೈ ಎತ್ತಿದ್ರೆ, ಸುಳ್ಳು ಬರೀತಾ ಇದ್ದೀನಿ ಅನ್ನಿಸ್ತಾ ಇದೆ. ಬೆಳಗಿನ ಜಾವ ನಾಲ್ಕು ಗಂಟೆಯಿಂದ ಇದರ ಮುಂದೆ ಕೂತಿದ್ದೀನಿ."

ಹಾಳೆಯನ್ನು ನನ್ನ ಕಡೆ ಸರಿಸಿದರು. ನಾಳೆ ಏನಾದರೂ ಆದರೆ 'ಅಡುಗೆಯವಳು ಬರೆದದ್ದು, ನಾನಲ್ಲ' ಅನ್ನುವುದಕ್ಕೋ ಏನೋ ಎಂದು ಅವರ ಮುಖವನ್ನು ನೋಡಿದೆ. ಕಣ್ಣು ಕೆಂಪಾಗಿತ್ತು. ಅವರು ಪೆನ್ನನ್ನು ತಿರುಗಿಸಿ, ಹಿಡಿಯುವ ಕಡೆಯನ್ನು ನನ್ನ ಕಡೆ ಚಾಚಿದರು.

"ನೋಡಿದವರು ನೀವು, ಭೀಮಬಾಯಿ. ಇಲ್ಲಿ ಗೀಟು ನೀವು ಹಾಕ್ತೀರಾ?"